ಒಂದು ಗೋಡೆಗೆ ಎಷ್ಟು ಬೆಂಕಿ?



ಹಸಿರು ಕಟ್ಟಡ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತಾರಸಿಯ ಮೇಲಿನ ಸೋಲಾರ್ ಫಲಕ, ಎಲ್‌ಇಡಿ ದೀಪ, ಮಳೆನೀರಿನ ಕೊಳವೆ. ಎಲ್ಲವೂ ಬೇಕಾದವೇ. ಆದರೆ ಅವೆಲ್ಲ ಗೃಹಪ್ರವೇಶ ಆದ ಮೇಲಿನ ಮಾತು. ಇಂದು ನಾನು ಅದಕ್ಕೂ ಹಿಂದಿನ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಆ ಮನೆಯ ಗೋಡೆ ಎದ್ದು ನಿಲ್ಲುವ ಹೊತ್ತಿಗೆ ಎಲ್ಲೆಲ್ಲಿ, ಎಷ್ಟೆಷ್ಟು ಬೆಂಕಿ ಉರಿದಿತ್ತು?

ಬಯಲುಸೀಮೆಯ ರಸ್ತೆಗಳಲ್ಲಿ ರಾತ್ರಿ ಪ್ರಯಾಣ ಮಾಡಿದವರು ಇಟ್ಟಿಗೆ ಗೂಡು ಉರಿಯುವುದನ್ನು ಕಂಡಿರುತ್ತೀರಿ. ಕೆರೆಯ ಹೂಳನ್ನೋ ಗದ್ದೆಯ ಮೇಲ್ಮಣ್ಣನ್ನೋ ತಂದು, ತುಳಿದು, ಅಚ್ಚು ಹಾಕಿ, ಬಿಸಿಲಿಗೆ ಒಣಗಿಸಿ, ಗೂಡು ಒಟ್ಟಿ, ಸೌದೆ ತುಂಬಿ ದಿನಗಟ್ಟಲೆ ಸುಡುತ್ತಾರೆ. ಒಳಗಿನ ಶಾಖ 800 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಇಲ್ಲವಾದರೆ ಇಟ್ಟಿಗೆ ಮಳೆಗೆ ಕರಗುತ್ತದೆ. ಹೀಗೆ ಸುಟ್ಟ ಒಂದೊಂದು ಇಟ್ಟಿಗೆಗೂ ಸುಮಾರು 4.25 ಮೆಗಾಜೂಲ್ ಶಕ್ತಿ ಖರ್ಚಾಗುತ್ತದೆ ಎಂಬ ಲೆಕ್ಕವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದರು. ಕಟ್ಟಡ ಸಾಮಗ್ರಿಗಳ ಒಳಗೆ ಅಡಗಿರುವ ಶಕ್ತಿಯ ಬಗ್ಗೆ ನಮ್ಮ ದೇಶದಲ್ಲಿ ಮಾತು ಬಂದಾಗಲೆಲ್ಲ ಇಂದಿಗೂ ಜನ ಆ ಪ್ರಬಂಧದ ಕಡೆಗೇ ತಿರುಗುತ್ತಾರೆ.

ಆ ಲೆಕ್ಕದ ಹಿಂದೆ ಒಂದು ದೊಡ್ಡ ಪ್ರಯತ್ನವಿತ್ತು. 1974ರಲ್ಲಿ ಅಮೂಲ್ಯ ರೆಡ್ಡಿ ಎಂಬ ವಿದ್ಯುತ್‌ರಸಾಯನ ವಿಜ್ಞಾನಿ ತಮ್ಮ ಪ್ರಯೋಗಾಲಯದ ವಿಷಯವನ್ನು ಪಕ್ಕಕ್ಕಿಟ್ಟು, ವಿಜ್ಞಾನ ಸಂಸ್ಥೆಯೊಳಗೇ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರ ನಡೆಯಿತು. 'ಅಸ್ತ್ರ ಒಲೆ'ಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ, ಕೆಲವರ ಮನೆಯ ಅಡುಗೆ ಅದರ ಮೇಲೇ ಬೆಂದಿರಬಹುದು. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಹೊರಗೆ. ಒಲೆಯಲ್ಲಿ ಸೌದೆ ಉಳಿಸುವುದನ್ನು ಯೋಚಿಸಿದ ಅದೇ ಕೇಂದ್ರದಲ್ಲಿ ಜಗದೀಶ್ ಮತ್ತು ಅವರ ಸಂಗಡಿಗರು ಗೋಡೆಯ ಕಡೆಗೂ ತಿರುಗಿದರು. ಇಟ್ಟಿಗೆಯನ್ನು ಸುಡದೆಯೇ ಗಟ್ಟಿ ಮಾಡಲು ಸಾಧ್ಯವೇ?

ಉತ್ತರವೇ ಸ್ಥಿರೀಕೃತ ಮಣ್ಣಿನ ಇಟ್ಟಿಗೆ. ಹೆಸರು ಭಾರವಾಗಿದೆ, ಕೆಲಸ ಸರಳ. ಜರಡಿ ಹಿಡಿದ ಕೆಂಪು ಮಣ್ಣಿಗೆ ಅಗತ್ಯವಿದ್ದಷ್ಟು ಮರಳು, ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು. ಆ ಮಿಶ್ರಣವನ್ನು ಕಬ್ಬಿಣದ ಅಚ್ಚಿಗೆ ತುಂಬಿ ಉದ್ದನೆಯ ಹಿಡಿಯನ್ನು ಜಗ್ಗಿದರೆ ಮಣ್ಣು ಒತ್ತಿಕೊಂಡು ಇಟ್ಟಿಗೆಯಾಗಿ ಹೊರಬರುತ್ತದೆ. ಮೂರು ನಾಲ್ಕು ವಾರ ನೆರಳಿನಲ್ಲಿ ಒಟ್ಟಿ, ಹುಲ್ಲನ್ನೋ ಗೋಣಿಯನ್ನೋ ಹೊದಿಸಿ ನೀರು ಚಿಮುಕಿಸಬೇಕು. ಗೂಡೂ ಇಲ್ಲ, ಸೌದೆಯೂ ಇಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಮೊದಲೇ ಉರಿದ ಬೆಂಕಿಯ ಒಂದು ಸಣ್ಣ ಪಾಲು ಮಾತ್ರ ಇದರೊಳಗಿದೆ. 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ, ಆರು ಪಾಲು ಸಿಮೆಂಟಿನ ಇಂಥ ಇಟ್ಟಿಗೆಗೆ ತಗಲುವುದು ಸುಮಾರು 2.6 ಮೆಗಾಜೂಲ್. ಗಾತ್ರದಲ್ಲಿ ಅದು ಎರಡೂವರೆ ಸುಟ್ಟ ಇಟ್ಟಿಗೆಗೆ ಸಮ, ಅಂದರೆ ಅಷ್ಟೇ ಜಾಗ ತುಂಬಲು ಸುಟ್ಟ ಇಟ್ಟಿಗೆಗೆ ಹನ್ನೊಂದು ಮೆಗಾಜೂಲಿನ ಹತ್ತಿರ ಬೇಕು. ನಡುವಿನ ಗಾರೆಯನ್ನೂ ಸೇರಿಸಿ ಗೋಡೆಯಾಗಿ ಎಣಿಸಿದರೂ, ಆರು ಪಾಲು ಸಿಮೆಂಟಿನ ಮಣ್ಣಿನ ಗೋಡೆಯ ಶಕ್ತಿಯ ಖರ್ಚು ಸುಟ್ಟ ಇಟ್ಟಿಗೆಯ ಗೋಡೆಯದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ.

ಇದರಲ್ಲಿ ದೋಷವೇ ಇಲ್ಲ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಎಲ್ಲ ಮಣ್ಣೂ ಒಗ್ಗುವುದಿಲ್ಲ. ಉತ್ತರ ಕರ್ನಾಟಕದ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅಂಥ ಜಿಗಟಿಗೆ ಬರಿಯ ಸಿಮೆಂಟು ಸಾಲದು, ಸುಣ್ಣ ಬೇಕು. ಮಣ್ಣನ್ನು ಪರೀಕ್ಷಿಸದೆ, ನೀರು ಹೆಚ್ಚು ಸುರಿದು, ವಾರಕ್ಕೇ ಗೋಡೆಗೆ ಏರಿಸಿದ ಇಟ್ಟಿಗೆಗಳ ಅಂಚು ಪುಡಿಯಾಗಿ ಉದುರುವುದನ್ನು ನಾನೇ ಕಂಡಿದ್ದೇನೆ. ಆ ಮನೆಯವರು ಮಣ್ಣನ್ನು ಬೈದರು. ತಪ್ಪು ಅವಸರದ್ದು. ಮಣ್ಣಿನ ಕೆಲಸಕ್ಕೆ ಒಳ್ಳೆಯ ತಳಪಾಯ, ಚಾಚಿದ ಸೂರು, ಹದ ಬಲ್ಲ ಮೇಸ್ತ್ರಿ, ಈ ಮೂರೂ ಬೇಕು. ಮೂರನೆಯವನು ಸಿಗುವುದೇ ಈಗ ಕಷ್ಟ.

ಇನ್ನೂ ದೊಡ್ಡ ಅಡ್ಡಿ ನಮ್ಮ ಮನಸ್ಸಿನಲ್ಲಿದೆ. ಮಣ್ಣಿನ ಮನೆ ಎಂದರೆ ಬಡವರ ಮನೆ ಎಂಬ ಭಾವನೆ ಹಳ್ಳಿಯಲ್ಲಿ ಆಳವಾಗಿ ಬೇರೂರಿದೆ. ಆ ಭಾವನೆಯನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ನಮಗಿಲ್ಲ. ಪ್ರತಿ ಮಳೆಗಾಲಕ್ಕೂ ಗೋಡೆ ಕುಸಿದು ನೋವುಂಡವರು ಸಿಮೆಂಟಿನ ಮನೆ ಬಯಸಿದರೆ ಅದು ನ್ಯಾಯವಾದ ಆಸೆಯೇ. ಹಾಗಾಗಿ ಮಣ್ಣಿಗೆ ಮೊದಲು ಮರ್ಯಾದೆ ತರಬೇಕಾದವರು ಪಟ್ಟಣದ ಉಳ್ಳವರು. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅಂಥವರು ನಿವೇಶನದಲ್ಲೇ ಅಗೆದ ಮಣ್ಣಿನಿಂದ ಇಟ್ಟಿಗೆ ಒತ್ತಿಸಿ ಚೆಲುವಾದ ಮನೆಗಳನ್ನು ಕಟ್ಟಿ ತೋರಿಸಿದ್ದಾರೆ. ಅವು ನನಗೆ ಗಾಜಿನ ಗೋಪುರಗಳಿಗಿಂತ ಹೆಚ್ಚು ಆಧುನಿಕವಾಗಿ ಕಾಣುತ್ತವೆ.

ಇನ್ನು ಸಿಮೆಂಟಿನ ಮಾತು. ಅದಿಲ್ಲದೆ ಸೇತುವೆ, ಆಸ್ಪತ್ರೆ, ಬಹುಮಹಡಿ ಯಾವುದೂ ನಡೆಯದು, ಒಪ್ಪೋಣ. ಕಲಬುರಗಿ ಸೀಮೆಯ ವಾಡಿ, ಸೇಡಂಗಳಲ್ಲಿ ಸುಣ್ಣದ ಕಲ್ಲನ್ನು 1450 ಡಿಗ್ರಿಗೆ ಕಾಯಿಸಿ ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಮಾಡುತ್ತಾರೆ. ಈ ಕುಲುಮೆಗೆ ಸೂರ್ಯನ ಶಕ್ತಿಯನ್ನೇ ಕೊಟ್ಟೆವು ಎಂದುಕೊಳ್ಳಿ. ಆಗಲೂ ಇಂಗಾಲದ ಸಮಸ್ಯೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಏಕೆಂದರೆ ಇಂಗಾಲದ ಡೈಆಕ್ಸೈಡಿನ ದೊಡ್ಡ ಪಾಲು ಹೊರಬರುವುದು ಇಂಧನದಿಂದಲ್ಲ, ಕಾದ ಕಲ್ಲಿನ ಒಡಲಿನಿಂದಲೇ. ಶುದ್ಧ ಇಂಧನವೊಂದೇ ಎಲ್ಲವನ್ನೂ ಬಗೆಹರಿಸುತ್ತದೆ ಎನ್ನುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು. ಇಲ್ಲಿ ಬದಲಾಗಬೇಕಾದ್ದು ಪದಾರ್ಥವೇ.

ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಿಮೆಂಟ್ ವಿಜ್ಞಾನಿ ಕ್ಯಾರೆನ್ ಸ್ಕ್ರಿವನರ್, ಕ್ಯೂಬಾದ ಸಾಂತಾ ಕ್ಲಾರಾದ ವಿಜ್ಞಾನಿಗಳು, ನಮ್ಮ ದೆಹಲಿ ಮತ್ತು ಮದ್ರಾಸ್ ಐಐಟಿಗಳ ಸಂಶೋಧಕರು ಸೇರಿ ರೂಪಿಸಿದ ಎಲ್‌ಸಿ3 ಎಂಬ ಸಿಮೆಂಟು ಮಾಡುವುದು ಇದನ್ನೇ. ಕ್ಲಿಂಕರ್ ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದರಲ್ಲಿ ಸುಮಾರು ಮೂವತ್ತು ಪಾಲು ಕಾಯಿಸಿದ ಜೇಡಿಮಣ್ಣು, ಹದಿನೈದು ಪಾಲು ಸುಡದ ಸುಣ್ಣದ ಕಲ್ಲಿನ ಪುಡಿ, ಐದು ಪಾಲು ಜಿಪ್ಸಮ್. ಜೇಡಿಮಣ್ಣಿಗೆ 800 ಡಿಗ್ರಿಯ ಆಸುಪಾಸು ಸಾಕು, ಅದರ ಒಡಲಿನಿಂದ ಹೊರಬರುವುದು ನೀರಿನ ಆವಿ ಮಾತ್ರ. ಕಲ್ಲುಪುಡಿ ಮತ್ತು ಕಾದ ಮಣ್ಣು ಒಂದರ ಜೊತೆ ಒಂದು ಬೆರೆತು ಕಾಂಕ್ರೀಟಿನ ರಂಧ್ರಗಳನ್ನು ಮುಚ್ಚುತ್ತವೆ. ಇಂಗಾಲದ ಹೊರೆ ಶೇಕಡಾ 40ರಷ್ಟರವರೆಗೆ ಕಡಿಮೆಯಾಗಬಲ್ಲದು. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಇಂಥ ಸಿಮೆಂಟಿಗೆ ಪ್ರತ್ಯೇಕ ಮಾನಕವನ್ನೇ ಹೊರಡಿಸಿತು.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಕನ್ನಂಬಾಡಿ ಅಣೆಕಟ್ಟೆ. 1911ರಲ್ಲಿ ಶುರುವಾದ ಈ ಕೃಷ್ಣರಾಜಸಾಗರದ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ. ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ ಪುಡಿ, ಅದನ್ನು ಸುಣ್ಣದೊಂದಿಗೆ ಅರೆದರೆ ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ. ಎಲ್‌ಸಿ3ಯಲ್ಲಿ ಕಾದ ಮಣ್ಣು ಸುಣ್ಣದ ಜೊತೆ ಮಾಡುವ ಕೆಲಸವೂ ಮೂಲದಲ್ಲಿ ಅದೇ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದು ಆ ಅಣೆಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಹೊಗೆಯಿಲ್ಲದ ವಿದ್ಯುತ್ತಿಗಾಗಿ ಕಟ್ಟಿದ ಕಟ್ಟೆಯನ್ನು ಮಣ್ಣು ಮತ್ತು ಸುಣ್ಣ ಹಿಡಿದು ನಿಲ್ಲಿಸಿವೆ. ನಮ್ಮ ಗಾರೆ ಕೆಲಸದವರು ಆ ಅರಿವನ್ನು ಮರೆತದ್ದು ಒಂದೆರಡು ತಲೆಮಾರಿನಲ್ಲಿ. ಸಿವಿಲ್ ಎಂಜಿನಿಯರಿಂಗ್ ಓದುವ ಪ್ರತಿ ಮಗುವೂ ಒಮ್ಮೆ ಆ ಕಟ್ಟೆಯ ಕಲ್ಲುಸಂದಿಯನ್ನು ಹತ್ತಿರದಿಂದ ನೋಡಬೇಕು ಎಂಬುದು ನನ್ನ ಆಸೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮಲ್ಲಿ ಮನೆ ಕಟ್ಟಿಸುವವರಿದ್ದೀರಿ. ಪಾಯ ಅಗೆದ ಮಣ್ಣನ್ನು ಕೂಡಲೇ ಲಾರಿಗೆ ತುಂಬಿಸಬೇಡಿ. ಮೇಲಿನ ಕಪ್ಪು ಮಣ್ಣಿನಲ್ಲಿ ಬೇರು, ಗೊಬ್ಬರ ಸೇರಿರುತ್ತದೆ, ಅದನ್ನು ಗಿಡಗಳಿಗೆ ಬಿಡಿ. ಕೆಳಗಿನದನ್ನು ಒಂದು ಗಾಜಿನ ಬಾಟಲಿಗೆ ಮೂರನೆಯ ಒಂದು ಭಾಗ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ಜೇಡಿ ಮರುದಿನದವರೆಗೂ ನೀರನ್ನು ಕದಡಿಯೇ ಇಡುತ್ತದೆ. ತಳದಲ್ಲಿ ಮರಳಿನ ಪದರ ದಪ್ಪವಾಗಿ ಕಂಡರೆ, ಆ ಬಾಟಲಿಯನ್ನು ಹಿಡಿದುಕೊಂಡು ಮಣ್ಣಿನ ಕೆಲಸ ಬಲ್ಲ ಎಂಜಿನಿಯರೊಬ್ಬರ ಬಳಿಗೆ ಹೋಗಿ. ಇಟ್ಟಿಗೆಯ ಲೋಡಿಗೆ ಮುಂಗಡ ಕೊಡುವುದು ಅದಾದ ಮೇಲೆ ಇರಲಿ.