ರಾಜಧಾನಿಯಲ್ಲಿ ಎರಡು ದಿನದ ಕಾಲ್ನಡಿಗೆ (ಓಡೈಪಟ್ಟಿಯ ಸಭೆಯಲ್ಲಿ ಮಾಡಿದ ಭಾಷಣ)



ಈ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ತಮ್ಮ ಮನೆಗಳಲ್ಲಿ ಕನ್ನಡವು ಮಾತಾಗಿ ಉಳಿದಿದೆ, ಬರಹವಾಗಿ ಉಳಿದಿಲ್ಲ. ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳಿನ ಅಕ್ಷರ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಅನ್ನವಿತ್ತ ನಾಡಿನ ನುಡಿಯನ್ನು ಕಲಿಯುವುದು ಧರ್ಮವೇ ಸರಿ. ಆದರೆ ಅಕ್ಷರವಿಲ್ಲದ ಮನೆಮಾತಿಗೆ ಒದಗುವ ಕೊರತೆ ಎಂಥದೆಂಬುದು, ತಮ್ಮೂರಿನ ಕೆಲವು ತರುಣರೊಡನೆ ನಾವು ಒಂದು ಶನಿವಾರ, ಭಾನುವಾರ ಬೆಂಗಳೂರನ್ನು ಕಾಲ್ನಡಿಗೆಯಲ್ಲಿ ನೋಡಿದಾಗ ಮನದಟ್ಟಾಯಿತು. ಅದನ್ನೇ ಇಂದು ನಿವೇದಿಸುತ್ತೇವೆ.

ಶನಿವಾರ ಬೆಳಗ್ಗೆ, 1868ರಲ್ಲಿ ಪೂರ್ಣಗೊಂಡ ಕೆಂಪು ಬಣ್ಣದ ಅಠಾರಾ ಕಚೇರಿಯನ್ನು ನೋಡಿ, ಕಬ್ಬನ್ ಉದ್ಯಾನದ ನೆರಳಿನಲ್ಲಿ ನಡೆದು, ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನವನ್ನು ದಾಟಿ, ಕಸ್ತೂರ್ಬಾ ರಸ್ತೆಯನ್ನು ಸೇರಿದೆವು. ಅಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ವಸ್ತುಸಂಗ್ರಹಾಲಯವೂ, 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯವೂ ಸಮೀಪದಲ್ಲಿಯೇ ಇವೆ. ಎರಡನೆಯದರ ಸ್ಥಾಪನೆಗೆ ಕಾರಣನಾದ ವೈದ್ಯ ಎಡ್ವರ್ಡ್ ಬಾಲ್ಫರನೇ 1851ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೂ ಮೊದಲ ಅಧಿಕಾರಿಯಾಗಿದ್ದವನು. ಎರಡು ನಾಡುಗಳ ಸಂಗ್ರಹಗಳಿಗೂ ಒಂದೇ ಕೈ ಆಸರೆಯಾಯಿತು.

ಯಂತ್ರಗಳ ಮುಂದೆ ನಮ್ಮ ತರುಣರಿಗೆ ಯಾರ ನೆರವೂ ಬೇಕಾಗಲಿಲ್ಲ. ಆದರೆ ಸರ್ಕಾರಿ ಸಂಗ್ರಹದಲ್ಲಿ ಆತಕೂರಿನ ವೀರಗಲ್ಲಿನ ಎದುರು ಅವರು ಮೌನವಾಗಿ ನಿಂತರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕಾಣುತ್ತಿತ್ತು; ಸುತ್ತಲಿನ ಬರಹ ಮಾತ್ರ ಮೂಕವಾಗಿತ್ತು. ಸುಮಾರು 950ರ ಈ ಶಾಸನವು, ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ನಡೆದ ಯುದ್ಧವನ್ನು ಹೇಳುತ್ತದೆ. ಅಲ್ಲಿ ಚೋಳ ರಾಜಾದಿತ್ಯನು ಗಂಗರ ಬೂತುಗನಿಂದ ಹತನಾದನು. ಬೂತುಗನ ಅನುಚರ ಮಣಲೆರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಆತನು ಬೇಡಿದ್ದು ಕಾಳಿ ಎಂಬ ನಾಯಿಯನ್ನು! ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಈ ಕಲ್ಲು ನಿಂತಿತು.

ನಾವು ಸಾಲುಗಳನ್ನು ಮೆಲ್ಲನೆ ಓದುತ್ತ ಹೋದಾಗ ‘ಪಂದಿ’ ಎಂಬ ಪದ ಬಂದಿತು. ಬೆಂಗಳೂರಿನ ವಿದ್ಯಾರ್ಥಿಗೆ ಇದು ಹಂದಿಯೆಂದು ವಿವರಿಸಬೇಕಾಗುತ್ತದೆ. ನಮ್ಮ ತರುಣರು ಕೇಳಿದೊಡನೆಯೇ ತಿಳಿದರು. ತಮಿಳಿನ ‘ಪನ್ರಿ’ ಅವರಿಗೆ ಗೊತ್ತಿತ್ತಲ್ಲವೆ! ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತು. ತಮಿಳು ಅದನ್ನು ಹಾಗೆಯೇ ಉಳಿಸಿಕೊಂಡಿತು. ಎರಡು ನುಡಿ ಬಲ್ಲ ತಮ್ಮ ಮಕ್ಕಳಿಗೆ ಹಳಗನ್ನಡದ ಬಾಗಿಲು ಅರ್ಧ ತೆರೆದೇ ಇದೆ. ಅವರಲ್ಲಿ ಇಲ್ಲದಿರುವುದು ಅಕ್ಷರವೊಂದೇ.

ಅಂದು ರಾತ್ರಿ ತಂಗಿದ್ದಲ್ಲಿಯೇ ಅವರು ತಾವಾಗಿ ಅಕ್ಷರಗಳನ್ನು ಬರೆಸಿಕೊಂಡರು. ಮರುದಿನ ಹಳೆಯ ಕೋಟೆಯಿಂದ, 1791ರಲ್ಲಿ ಮುಗಿದ ಟಿಪ್ಪುವಿನ ಬೇಸಗೆಯ ಅರಮನೆಗೆ ನಡೆಯುವಾಗ, ಅಂಗಡಿಗಳ ಹೆಸರುಹಲಗೆಗಳಲ್ಲಿ ಕಲಿತ ಅಕ್ಷರಗಳನ್ನು ಹುಡುಕುತ್ತ ಬಂದರು. ಅರಮನೆಯ ಮರದ ಕಂಬಗಳಿಗಿಂತ ಆ ಹಲಗೆಗಳೇ ಅವರಿಗೆ ಹೆಚ್ಚು ಸೊಗಸಾಗಿ ಕಂಡವು.

ಬಂಧುಗಳೆ, ವಾರಕ್ಕೊಂದು ಸಂಜೆ, ಊರಿನ ಯಾವುದಾದರೂ ಜಗಲಿಯಲ್ಲಿ ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿರಿ. ಸ್ಲೇಟು, ಬಳಪ, ಒಂದು ವರ್ಣಮಾಲೆಯ ಪುಸ್ತಕ ಇಷ್ಟಿದ್ದರೆ ಸಾಕು. ಬಾಯಲ್ಲಿರುವ ಮಾತು ಕಣ್ಣಿಗೂ ಪರಿಚಯವಾಗಲಿ. ಪಾಠ ಹೇಳಲು ಕರೆದರೆ ನಾವು ಸಂತೋಷದಿಂದ ಬರುತ್ತೇವೆ.