ಹಳೆಯ ಮೊಬೈಲ್ ಫೋನಿನ ಮಾರಾಟ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು
(ಉಪನ್ಯಾಸದ ಪಠ್ಯ)



ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದು ಹಳೆಯ ಮೊಬೈಲ್ ಫೋನಿಲ್ಲದ ಮನೆ ಅಪರೂಪ. ಬೀರುವಿನ ಖಾನೆಯಲ್ಲಿ ಒಂದು, ದೇವರ ಗೂಡಿನ ಪಕ್ಕದಲ್ಲಿ ಒಂದು, ಮಕ್ಕಳ ಆಟದ ಸಾಮಾನಿನಲ್ಲಿ ಮತ್ತೊಂದು ಬಿದ್ದಿರುತ್ತದೆ. ಇವನ್ನು ಹಣವಾಗಿಸಲು ಜನರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಬಸ್ಸು ಹತ್ತಿ ಮೈಸೂರಿಗೆ ಬಂದು ದೇವರಾಜ ಅರಸು ರಸ್ತೆಯ ಸುತ್ತಮುತ್ತಲಿನ ಅಂಗಡಿಗಳಲ್ಲಿ ವಿಚಾರಿಸುವುದು ಒಂದು. ಊರಿಗೇ ಬರುವ ವ್ಯಾಪಾರಿಗೆ ಕೊಟ್ಟು ಪ್ಲಾಸ್ಟಿಕ್ ಬಕೆಟ್ಟನ್ನೋ ಸ್ಟೀಲ್ ಪಾತ್ರೆಯನ್ನೋ ಪಡೆಯುವುದು ಇನ್ನೊಂದು. ಎರಡನೆಯದು ಸುಲಭ, ಅಪಾಯವಿರುವುದೂ ಅಲ್ಲಿಯೇ.

ಕೆಟ್ಟುಹೋದ ಫೋನಿಗೆ ಒಬ್ಬಾತ ಬಕೆಟ್ ಕೊಡುವುದೇಕೆ ಎಂಬ ಪ್ರಶ್ನೆಯನ್ನು ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ. ಫೋನಿನೊಳಗೆ ಚಿನ್ನವಿದೆ ಎಂಬುದು ನಿಜ; ಆದರೆ ಅದು ಗ್ರಾಮಿನ ನೂರರಲ್ಲಿ ಸುಮಾರು ಮೂರು ಭಾಗದಷ್ಟು ಮಾತ್ರ. ಅದಕ್ಕಿಂತ ಹೆಚ್ಚಿನ ಬೆಲೆ ಅದರ ಮದರ್‌ಬೋರ್ಡಿಗೆ ಇರುವುದುಂಟು. 2024ರ ಆಗಸ್ಟ್ ತಿಂಗಳಲ್ಲಿ ತೆಲಂಗಾಣದ ರಾಮಗುಂಡಂ ಭಾಗದಲ್ಲಿ ಪೊಲೀಸರು ಬಿಹಾರ ಮೂಲದ ಮೂವರನ್ನು ಬಂಧಿಸಿ, ಸುಮಾರು 4,000 ಹಳೆಯ ಫೋನುಗಳನ್ನು ವಶಪಡಿಸಿಕೊಂಡರು. ಇವು ಹಳ್ಳಿಗಳಲ್ಲಿ ಅಗ್ಗಕ್ಕೆ ಸಂಗ್ರಹಿಸಿದ ಫೋನುಗಳು. ಇವುಗಳ ಬಿಡಿಭಾಗಗಳನ್ನು ಬಳಸಿ ಬೇರೆ ಫೋನುಗಳನ್ನು ಸಿದ್ಧಪಡಿಸಿ ಸೈಬರ್ ವಂಚಕರಿಗೆ ತಲುಪಿಸುವ ಜಾಲ ಅದೆಂಬುದು ತನಿಖೆಯಲ್ಲಿ ಹೊರಬಂದಿತು.

ವಂಚಕರಿಗೆ ಇಂತಹ ಫೋನೇ ಬೇಕಾಗುವುದಕ್ಕೆ ಕಾರಣ ಐಎಂಇಐ ಸಂಖ್ಯೆ. ಪ್ರತಿಯೊಂದು ಫೋನಿಗೂ ಹದಿನೈದು ಅಂಕಿಗಳ ಈ ಗುರುತು ಇರುತ್ತದೆ. ಎರಡು ಸಿಮ್ ಹಾಕುವ ಫೋನಿಗೆ ಎರಡು. ಸಿಮ್ ತೆಗೆದರೂ ಅದು ಅಳಿಯದು. ಯಾವ ಸಿಮ್ ಯಾವ ಫೋನಿನಲ್ಲಿ ನಡೆಯಿತು ಎಂಬುದು ದೂರವಾಣಿ ಕಂಪನಿಯ ದಾಖಲೆಯಲ್ಲಿ ಉಳಿಯುತ್ತದೆ. ಆ ಫೋನಿನಿಂದ ಅಪರಾಧ ನಡೆದರೆ, ಹಿಂದೆ ಅದರಲ್ಲಿ ಯಾರ ಸಿಮ್ ಇತ್ತು ಎಂಬ ವಿಚಾರಣೆ ಹಳೆಯ ಮಾಲೀಕರ ಮನೆ ಬಾಗಿಲಿಗೂ ಬರಬಹುದು. ಫೋನನ್ನು ಮಾರಿದ್ದೇನೆ ಎಂದು ಹೇಳಲು ಆ ರೈತನ ಬಳಿ ಆಗ ಬಕೆಟ್ಟೊಂದೇ ಇರುತ್ತದೆ.

ಆದುದರಿಂದ ಮಾರಾಟದಲ್ಲಿ ಬೆಲೆಗಿಂತ ಮೊದಲು ಬೇಕಾದುದು ರಸೀದಿ. ಅದರಲ್ಲಿ ಅಂಗಡಿಯ ಹೆಸರು, ಮೊಹರು, ದಿನಾಂಕ, ಫೋನಿನ ಮಾದರಿ, ಐಎಂಇಐ ಸಂಖ್ಯೆ, ಕೊಟ್ಟ ಹಣ, ಕೊಂಡವರ ಸಹಿ ಇರತಕ್ಕದ್ದು. ಛಾಪಿಸಿದ ರಸೀದಿ ಇಲ್ಲದಿದ್ದರೆ ಬಿಳಿಯ ಹಾಳೆಯಲ್ಲಿ ಬರೆಸಿಕೊಂಡರೂ ಸಾಕು. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಇನ್ನೂರು ರೂಪಾಯಿ ಹೆಚ್ಚು ಸಿಗುವುದಾದರೂ ಮಾರದಿರುವುದು ಲೇಸು. *#06# ಒತ್ತಿದರೆ ಐಎಂಇಐ ಪರದೆಯ ಮೇಲೆ ಕಾಣುತ್ತದೆ. ಫೋನಿನ ಪೆಟ್ಟಿಗೆಯ ಮೇಲೂ ಮುದ್ರಿತವಾಗಿರುತ್ತದೆ. ಹಳೆಯ ಬಿಲ್ಲು ಮತ್ತು ಪೆಟ್ಟಿಗೆ ಇದ್ದವರಿಗೆ ಅಂಗಡಿಯವರು ತುಸು ಹೆಚ್ಚು ಬೆಲೆ ಕೊಡುವುದೂ ಉಂಟು, ಏಕೆಂದರೆ ಅದು ಕದ್ದ ಮಾಲಲ್ಲ ಎಂಬ ಭರವಸೆ ಅವರಿಗೂ ಬೇಕು.

ಅಂಗಡಿಗೆ ಹೊರಡುವ ಮುನ್ನ ಮನೆಯಲ್ಲಿ ಆಗಬೇಕಾದ ಕೆಲಸವೂ ಇದೆ. ಸಿಮ್ ಮತ್ತು ಮೆಮೊರಿ ಕಾರ್ಡನ್ನು ಹೊರತೆಗೆಯಬೇಕು. ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳಬೇಕು. ಫೋನ್‌ಪೇ, ಗೂಗಲ್‌ಪೇ, ಬ್ಯಾಂಕಿನ ಆ್ಯಪ್ ಮತ್ತು ವಾಟ್ಸ್‌ಆ್ಯಪ್‌ಗಳಿಂದ ಹೊರಬಂದು, ಗೂಗಲ್ ಖಾತೆಯನ್ನು ತೆಗೆದು, ಆಮೇಲೆ ಸೆಟ್ಟಿಂಗ್ಸ್ ಮೂಲಕ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಗೂಗಲ್ ಖಾತೆ ತೆಗೆಯದೆ ಪಕ್ಕದ ಗುಂಡಿಗಳನ್ನು ಒತ್ತಿ ರೀಸೆಟ್ ಮಾಡಿದರೆ ಫೋನು ಮತ್ತೆ ಹಳೆಯ ಪಾಸ್‌ವರ್ಡನ್ನೇ ಕೇಳುತ್ತದೆ, ಕೊಂಡವರು ಮರುದಿನ ಜಗಳಕ್ಕೆ ಬರುತ್ತಾರೆ. ಹಿರಿಯರಿಗೆ ಇದನ್ನು ಮನೆಯ ಮಕ್ಕಳೋ ಗ್ರಂಥಾಲಯದ ಮೇಲ್ವಿಚಾರಕರೋ ಮಾಡಿಕೊಡಬಹುದು. ಪರದೆ ಸತ್ತುಹೋದ ಫೋನಿನಲ್ಲಿ ಏನನ್ನೂ ಅಳಿಸಲಾಗದು. ಆದರೆ ಒಳಗಿನ ಫೋಟೊ, ಸಂದೇಶಗಳು ಹಾಗೆಯೇ ಉಳಿದಿರಬಹುದು. ಅಂತಹುದನ್ನು ಬೀದಿಯಲ್ಲಿ ಮಾರಲೇಬಾರದು.

ಕೊಳ್ಳುವವರಿಗೂ ಒಂದು ಮಾತು. ನಗರದಲ್ಲಿ ಹಳೆಯ ಫೋನು ಕೊಳ್ಳುವ ಹಳ್ಳಿಯ ವಿದ್ಯಾರ್ಥಿಗಳು ಬಹಳ. ಇಂಗ್ಲಿಷ್ ಅಕ್ಷರಗಳಲ್ಲಿ ಕೆ, ವೈ, ಎಂ ಎಂದು ಟೈಪಿಸಿ, ಜಾಗ ಬಿಟ್ಟು, ಐಎಂಇಐ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿಯೂ ಇದೇ ಸೌಲಭ್ಯವಿದೆ. ಕಳೆದುಹೋದ ಫೋನನ್ನು ಪೊಲೀಸ್ ದೂರಿನ ಪ್ರತಿಯೊಡನೆ ತಡೆಹಿಡಿಸುವ ವ್ಯವಸ್ಥೆಯೂ ಅಲ್ಲಿದೆ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ.

ಪಂಚಾಯಿತಿ ಕಚೇರಿಯ ಫೋನುಗಳ ವಿಷಯ ಬೇರೆ. ಅವು ದಾಸ್ತಾನು ವಹಿಯಲ್ಲಿ ನಮೂದಾದ ಸಾರ್ವಜನಿಕ ಸ್ವತ್ತು. ಸಭೆಯ ನಿರ್ಣಯವಿಲ್ಲದೆ, ವಹಿಯಲ್ಲಿ ನಮೂದಿಸದೆ ಅವುಗಳನ್ನು ಯಾರೂ ಮಾರತಕ್ಕದ್ದಲ್ಲ, ಅವು ಎಷ್ಟೇ ಹಳೆಯವಾಗಿದ್ದರೂ.

ಇನ್ನು ಊರಿಗೆ ಬರುವ ವ್ಯಾಪಾರಿಗಳು. ಅವರೆಲ್ಲರೂ ವಂಚಕರ ಜಾಲದವರಲ್ಲ. ಬಹುಪಾಲು ಜನ ಹೊಟ್ಟೆಪಾಡಿಗೆ ಬಿಸಿಲಲ್ಲಿ ಅಲೆಯುವವರು. ಅವರನ್ನು ಓಡಿಸುವುದು ಸದಸ್ಯರ ಕೆಲಸವಲ್ಲ. ಪಾತ್ರೆ ಮಾರಲಿ, ಗುಜರಿ ಕಬ್ಬಿಣ ಕೊಳ್ಳಲಿ. ಫೋನು ಮಾತ್ರ ಬೇಡ ಎಂದು ಗ್ರಾಮಸಭೆಯಲ್ಲಿ ಮತ್ತು ಸ್ವಸಹಾಯ ಸಂಘಗಳ ಸಭೆಗಳಲ್ಲಿ ತಿಳಿಹೇಳಿದರೆ ಸಾಕು. ಒಬ್ಬಾತ ಕೇವಲ ಫೋನುಗಳನ್ನೇ ಚೀಲಗಟ್ಟಲೆ ಸಂಗ್ರಹಿಸುತ್ತಿದ್ದರೆ ಠಾಣೆಗೆ ತಿಳಿಸುವುದು ಯುಕ್ತ.

ಮಾರಾಟಕ್ಕೆ ಬಾರದ ಫೋನುಗಳನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಬೇಕು. ಸ್ವಚ್ಛ ವಾಹಿನಿಯ ಕಸದೊಡನೆ ಅವು ಬೆರೆತರೆ ಬ್ಯಾಟರಿ ಜಜ್ಜಿ ಬೆಂಕಿ ಹೊತ್ತಿಕೊಳ್ಳುವ ಭಯವಿದೆ; ಆ ವಾಹನ ನಡೆಸುವವರು ನಮ್ಮ ಊರಿನ ಹೆಣ್ಣುಮಕ್ಕಳೇ. ತ್ಯಾಜ್ಯ ವಿಲೇವಾರಿ ಘಟಕದಲ್ಲಿ ನೆರಳಿನ ಕಡೆ, ಮುಚ್ಚಳವಿರುವ ಪ್ರತ್ಯೇಕ ಡಬ್ಬವೊಂದನ್ನು ಇಟ್ಟು, ಪಡೆದ ಫೋನುಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಬ್ಯಾಟರಿ ಉಬ್ಬಿದ ಫೋನನ್ನು ಮಾತ್ರ ಆ ಡಬ್ಬಕ್ಕೆ ಹಾಕದೆ, ಒಣ ಮರಳು ತುಂಬಿದ ಲೋಹದ ಪಾತ್ರೆಯಲ್ಲಿ ಬೇರೆಯಾಗಿ ಇಡತಕ್ಕದ್ದು.