ಕೆಲಸ ಹುಡುಕುವುದೂ ಒಂದು ಕೆಲಸ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಇಲ್ಲಿ ನೆರೆದವರಲ್ಲಿ ಊರಿನಿಂದ ಹೊಸದಾಗಿ ಬಂದ ತರುಣರಿದ್ದಾರೆ. ಕಾರಖಾನೆ ಮುಚ್ಚಿದ್ದರಿಂದ ಮನೆಯಲ್ಲಿ ಕುಳಿತ ನಡುವಯಸ್ಸಿನವರಿದ್ದಾರೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ತಾವೂ ನಾಲ್ಕು ಕಾಸು ದುಡಿಯಬೇಕೆನ್ನುವ ತಾಯಂದಿರಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ: ಕೆಲಸ ಎಲ್ಲಿದೆ? ನಾವು ಇನ್ನೊಂದು ಪ್ರಶ್ನೆಯನ್ನು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕು: ನಮಗೆ ಬೇಕಾದುದು ಯಾವ ಕೆಲಸ?

ನಮ್ಮ ಹಿರಿಯರ ದಾರಿ ಬೇರೆಯಾಗಿತ್ತು. ಕರಾವಳಿಯ ಹುಡುಗ ಮುಂಬಯಿಗೆ ಬಂದರೆ ಊರವರ ಹೋಟೆಲು ಕಾದಿರುತ್ತಿತ್ತು. ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರಾದವರು ಅನೇಕರು. ಒಬ್ಬ ಪರಿಚಯಸ್ಥನ ಮಾತೇ ಅರ್ಜಿ, ಅದೇ ಸಂದರ್ಶನ. ಆದರೆ 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ತರುವಾಯ ಸಾವಿರಾರು ಕಾರ್ಮಿಕರು ಮತ್ತೆ ಗಿರಣಿಯ ಮೆಟ್ಟಿಲು ಹತ್ತಲಿಲ್ಲ. ಒಂದೇ ಬಾಗಿಲನ್ನು ನಂಬಿದವನಿಗೆ ಆ ಬಾಗಿಲು ಮುಚ್ಚಿದರೆ ಬೀದಿಯೇ ಗತಿ ಎಂಬುದನ್ನು ಮುಂಬಯಿ ಅಂದು ಕಂಡಿತು.

ಈಗ ನಮ್ಮ ಸುತ್ತಮುತ್ತ ನೋಡೋಣ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಹುಟ್ಟಿತು; ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿಯ ಎಂ.ಐ.ಡಿ.ಸಿ., ಥಾಣೆ–ಬೇಲಾಪುರ ರಸ್ತೆಯ ಕಾರಖಾನೆಗಳು ಎಲ್ಲರಿಗೂ ಗೊತ್ತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ನವಿ ಮುಂಬಯಿಯನ್ನು ಕಟ್ಟಿತು. ಇಂದು ಐರೋಲಿ, ಮಹಾಪೆಗಳಲ್ಲಿ ಗಣಕಯಂತ್ರದ ಕಚೇರಿಗಳು, ವಾಶಿಯಲ್ಲಿ ಕೃಷಿ ಮಾರುಕಟ್ಟೆ, ನ್ಹಾವಾ ಶೇವಾದಲ್ಲಿ ಬಂದರು, ಭಿವಂಡಿಯಲ್ಲಿ ಗೋದಾಮುಗಳು ಇವೆ. ನವಿ ಮುಂಬಯಿಯ ವಿಮಾನ ನಿಲ್ದಾಣವೂ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಲೆಕ್ಕ ಬರೆಯುವವನಿಗೆ, ಫಿಟ್ಟರನಿಗೆ, ಅಡುಗೆಯವನಿಗೆ ಇವುಗಳಲ್ಲಿ ಬೇರೆ ಬೇರೆ ಜಾಗಗಳಿವೆ. ಎಲ್ಲರೂ ಎಲ್ಲೆಡೆಗೂ ಅರ್ಜಿ ಹಾಕುವುದೆಂದರೆ ಕತ್ತಲಲ್ಲಿ ಕಲ್ಲೆಸೆದಂತೆ.

ಆದ್ದರಿಂದ ಮೊದಲು ಒಂದು ಕಾಗದ ಹಿಡಿದು ಬರೆಯಿರಿ: ನನಗೆ ಬರುವ ಕೆಲಸ ಯಾವುದು, ಮೂರು ತಿಂಗಳಲ್ಲಿ ಕಲಿಯಬಲ್ಲ ಕೆಲಸ ಯಾವುದು, ಎಷ್ಟು ಸಂಬಳಕ್ಕೆ ಸಂಸಾರ ನಡೆದೀತು, ದಿನಕ್ಕೆ ಎಷ್ಟು ಹೊತ್ತು ಪ್ರಯಾಣ ಮಾಡಬಲ್ಲೆ. ಥಾಣೆಯಿಂದ ವಾಶಿಗೆ ನೇರ ರೈಲು 2004ರಿಂದ ಇದೆಯಾದರೂ ಕಲ್ಯಾಣದವರು ಥಾಣೆಯಲ್ಲಿ ಇಳಿದು ಗಾಡಿ ಬದಲಿಸಲೇಬೇಕು. ಸಂಬಳದ ಹೆಚ್ಚಳವೆಲ್ಲ ಪಾಸಿಗೂ ರಿಕ್ಷಾಕ್ಕೂ ಹೋದರೆ ಲಾಭವೇನು? ಹೀಗೆ ಲೆಕ್ಕ ಹಾಕಿ ಎರಡು ಬಗೆಯ ಕೆಲಸ, ಇಪ್ಪತ್ತು ಸಂಸ್ಥೆ ಆರಿಸಿಕೊಳ್ಳಿ. ಯಾರಿಗೆ ಯಾವ ದಿನ ಅರ್ಜಿ ಕಳಿಸಿದಿರಿ, ಏನು ಉತ್ತರ ಬಂತು ಎಂಬುದನ್ನು ವಹಿಯಲ್ಲಿ ಗುರುತಿಸಿಡಿ. ವಾರ ಕಳೆದರೂ ಉತ್ತರವಿಲ್ಲದಿದ್ದರೆ ವಿನಯದಿಂದ ಒಮ್ಮೆ ವಿಚಾರಿಸಿ.

ಅರ್ಜಿ ಒಂದು ಪುಟ ಮೀರಬಾರದು. “ಪ್ರಾಮಾಣಿಕ, ಶ್ರಮಜೀವಿ” ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು, “ಹೋಟೆಲಿನ ಗಲ್ಲೆಯಲ್ಲಿ ಆರು ವರ್ಷ ಕುಳಿತೆ, ದಿನದ ಲೆಕ್ಕ ಒಪ್ಪಿಸುತ್ತಿದ್ದೆ” ಎಂದು ಬರೆದರೆ ಓದುವವನಿಗೆ ಮನುಷ್ಯ ಕಾಣುತ್ತಾನೆ. ಮರಾಠಿ ಮಾತಾಡಲು ಕಲಿಯಿರಿ. ಅನ್ನ ಕೊಡುವ ನೆಲದ ಭಾಷೆ ಕಲಿತರೆ ನಮ್ಮ ಕನ್ನಡವೇನೂ ಸವೆಯದು.

ಪರಿಚಿತರನ್ನು ಕಂಡಾಗ “ಅಣ್ಣಾ, ಒಂದು ಕೆಲಸ ಕೊಡಿಸಿ” ಎಂದರೆ ಅವರು ಸಂಕೋಚದಿಂದ ತಲೆಯಾಡಿಸಿ ಮರೆಯುತ್ತಾರೆ. “ನಿಮ್ಮಲ್ಲಿ ಸ್ಟೋರಿನ ಕೆಲಸಕ್ಕೆ ಯಾರು ಆಳು ತೆಗೆದುಕೊಳ್ಳುತ್ತಾರೆ, ಏನು ಕೇಳುತ್ತಾರೆ?” ಎಂದು ಕೇಳಿದರೆ ಉತ್ತರ ಸಿಗುತ್ತದೆ. ಸಿಕ್ಕ ಸುದ್ದಿ ಅರ್ಧ ಕೆಲಸ.

ಕಾಯಿದೆ ತೆರೆದಿಟ್ಟ ಬಾಗಿಲುಗಳೂ ಇವೆ. 1961ರ ಅಪ್ರೆಂಟಿಸ್ ಕಾಯಿದೆಯ 2019ರ ನಿಯಮಗಳಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಐ.ಟಿ.ಐ. ಮುಗಿಸಿದ ಹುಡುಗರು ಇದನ್ನು ಕೇಳಿ ಪಡೆಯಬೇಕು. 2015ರಲ್ಲಿ ಆರಂಭವಾದ ಕೇಂದ್ರ ಸರಕಾರದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಹೆಸರು ನೋಂದಾಯಿಸಲು ಒಂದು ಪೈಸೆಯೂ ಬೇಡ.

ಪೈಸೆಯ ಮಾತು ಬಂದುದರಿಂದ ಎಚ್ಚರಿಕೆಯನ್ನೂ ಹೇಳುತ್ತೇವೆ. ಕೆಲಸ ಕೊಡುವ ಮೊದಲೇ ಠೇವಣಿ, ಸಮವಸ್ತ್ರದ ಹಣ, ತರಬೇತಿ ಶುಲ್ಕ ಎಂದು ಕೈಯೊಡ್ಡುವವನಿಗೆ ದೂರದಿಂದಲೇ ನಮಸ್ಕಾರ ಹೇಳಿ. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಕೆಲಸ ಸಿಕ್ಕ ದಿನ ನೇಮಕಪತ್ರ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದನ್ನು ಕೊಡಬೇಕೆನ್ನುತ್ತವೆ. ಗುತ್ತಿಗೆದಾರನ ಕೈಕೆಳಗಾದರೂ ಭವಿಷ್ಯನಿಧಿ ಕಟ್ಟುತ್ತಾರೋ, ಇ.ಎಸ್.ಐ. ಇದೆಯೋ ಎಂದು ಕೇಳಲು ನಾಚಬೇಡಿ.

ರಾಸಾಯನಿಕ ಕಾರಖಾನೆಯಾದರೆ ಇನ್ನೊಂದು ಪ್ರಶ್ನೆ: ಅಪಾಯ ಬಂದರೆ ಹೊರಬರುವ ದಾರಿ ಯಾವುದು? 2016ರ ಮೇ 26ರಂದೂ 2024ರ ಮೇ 23ರಂದೂ ಡೊಂಬಿವಲಿಯ ಕಾರಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಹಸಿದವನಿಗೆ ಕೆಲಸ ಬೇಕು ನಿಜ. ಆ ಕೆಲಸದಿಂದ ಸಂಜೆ ಮನೆಗೆ ಮರಳುವುದೂ ಬೇಕು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಕೆಲಸವಿಲ್ಲದ ತಿಂಗಳುಗಳು ಕೈಯ ಹಣವನ್ನಷ್ಟೇ ಅಲ್ಲ, ಎದೆಯ ಧೈರ್ಯವನ್ನೂ ಕರಗಿಸುತ್ತವೆ. ಅನೇಕರು ನಾಚಿಕೆಯಿಂದ ಸಭೆಗೇ ಬರುವುದಿಲ್ಲ. ಅಂಥವರ ಮನೆಗೆ ನಾವೇ ಹೋಗಬೇಕು. ಉದ್ಯೋಗದಲ್ಲಿರುವ ಸದಸ್ಯರು ತಮ್ಮಲ್ಲಿ ಖಾಲಿಯಾಗುವ ಜಾಗಗಳ ಸುದ್ದಿಯನ್ನು ಸಂಘಕ್ಕೆ ತಿಳಿಸಬೇಕು. ಇಂಗ್ಲಿಷ್ ಬಲ್ಲವರು ವಾರಕ್ಕೆ ಒಂದು ಸಂಜೆ ಕುಳಿತು ಇತರರ ಅರ್ಜಿಗಳನ್ನು ತಿದ್ದಿಕೊಡಬೇಕು. ಒಬ್ಬನಿಗೆ ಕೆಲಸ ಸಿಕ್ಕರೆ ಒಂದು ಮನೆಯ ಒಲೆ ಉರಿಯುತ್ತದೆ. ಅಷ್ಟು ಮಾಡಿದರೆ ನಮ್ಮ ಸಂಘದ ಹೆಸರು ಸಾರ್ಥಕ.